ಮಗಳ ಮನೆಯ ಕಾಗದದ ಕಟ್ಟಿನಲ್ಲಿ ಒಂದು ಊರು ಹುಟ್ಟಿದ ಕಥೆ

ಪ್ರಶ್ನೆ: ನಾನು ತಿಪಟೂರು ಕಡೆಯವನು. ಗ್ರಾಮ ಲೆಕ್ಕಿಗನಾಗಿ ಕೆಲಸ ಮಾಡಿ ನಿವೃತ್ತನಾದೆ. ಮಗಳು, ಅಳಿಯ ಅಮೆರಿಕದ ಅಯೋವಾ ರಾಜ್ಯದ ಗ್ರಿನ್ನೆಲ್ ಅನ್ನುವ ಸಣ್ಣ ಊರಲ್ಲಿ ಒಂದು ಹಳೇ ಮರದ ಮನೆ ಕೊಂಡಿದ್ದಾರೆ. ನಾಲ್ಕು ತಿಂಗಳು ಅಲ್ಲಿದ್ದು ಬಂದೆ. ಮನೆ ಜೊತೆಗೆ ‘ಅಬ್‌ಸ್ಟ್ರಾಕ್ಟ್’ ಅಂತ ಒಂದು ದಪ್ಪ ಕಾಗದದ ಕಟ್ಟು ಕೊಟ್ಟಿದ್ದಾರೆ. ಜೀವನವಿಡೀ ಪಹಣಿ, ಖಾತೆ ನೋಡಿದವನಿಗೆ ಸುಮ್ನೆ ಇರೋಕಾಗಲಿಲ್ಲ, ಪೂರ್ತಿ ಓದಿದೆ. ಈಗ ನಿದ್ದೆ ಬರುತ್ತಿಲ್ಲ. ಮೊದಲ ಪುಟದಲ್ಲಿ ಜಾಗದ ಮಾಲೀಕರು ‘ಯುನೈಟೆಡ್ ಸ್ಟೇಟ್ಸ್’ ಅಂತಿದೆ. ಅದಕ್ಕೂ ಮೊದಲು ಅಲ್ಲಿ ಯಾರೂ ಇರಲಿಲ್ವಾ? 1850ರ ದಶಕದ ಒಂದು ಕ್ರಯಪತ್ರದಲ್ಲಿ, ಈ ಜಾಗದಲ್ಲಿ ಮದ್ಯ ಮಾರಿದರೆ ಜಾಗ ಮಾರಿದವರಿಗೇ ವಾಪಸ್ ಅಂತ ಬರೆದಿದೆ. ಮಗಳ ಮನೆಗೆ ಏನಾದರೂ ತೊಂದರೆ ಆಗುತ್ತಾ? ಪಕ್ಕದ ಮನೆಯ ಅಜ್ಜ, ‘ಇಲ್ಲಿಗೆ ಬಂದವರಿಗೆಲ್ಲ ಸರ್ಕಾರ ಪುಕ್ಕಟೆ ಜಮೀನು ಕೊಟ್ಟಿತು’ ಅಂದರು. ನಿಜಾನಾ? ನದಿ ಇಲ್ಲ, ಕೆರೆ ಇಲ್ಲ, ಬೆಟ್ಟ ಇಲ್ಲ, ಆ ಬಯಲಲ್ಲಿ ಊರು ಯಾಕೆ ಕಟ್ಟಿದರು? ಸುತ್ತಮುತ್ತ ಎಷ್ಟೋ ಊರು ಖಾಲಿ ಹೊಡೆಯುತ್ತಿವೆ. ಈ ಊರು ಉಳಿಯುತ್ತಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಅಬ್‌ಸ್ಟ್ರಾಕ್ಟನ್ನು ಬಹಳ ಜನ ಬೀರುವಿಗೆ ಹಾಕಿ ಮರೆತುಬಿಡುತ್ತಾರೆ. ನೀವು ಮೊದಲ ಪುಟದಿಂದ ಓದಿದ್ದೀರಿ, ಸರಿಯಾದ ಜಾಗದಲ್ಲೇ ಅನುಮಾನವನ್ನೂ ಪಟ್ಟಿದ್ದೀರಿ. ನಾನು ಮಿಡ್‌ವೆಸ್ಟಿನ, ಅಂದರೆ ಅಮೆರಿಕದ ನಡುಭಾಗದ, ಸಣ್ಣ ಊರುಗಳ ಜಮೀನು ದಾಖಲೆ ಓದುತ್ತಲೇ ಬಹಳ ವರ್ಷ ಕಳೆದವನು. ವಕೀಲ ಅಲ್ಲ. ಇತಿಹಾಸದ ಭಾಗವನ್ನು ಧೈರ್ಯವಾಗಿ ಹೇಳುತ್ತೇನೆ. ಕಾನೂನಿನ ಭಾಗವನ್ನು, ಆ ಊರಲ್ಲಿ ಕೆಲಸ ಮಾಡುವ ವಕೀಲರಿಗೆ ತೋರಿಸಿಯೇ ನಂಬಿ.

ನಿದ್ದೆ ಕೆಡಿಸಿದ ವಿಷಯ ಮೊದಲು ಮುಗಿಸೋಣ. ಮದ್ಯದ ಷರತ್ತಿನಿಂದ ಮಗಳ ಮನೆ ಹೋಗುವುದಿಲ್ಲ.

ಅಯೋವಾ ಕಾನೂನಿನ 614.24ನೇ ಕಲಂ ಇಂಥ ಹಳೇ ಷರತ್ತುಗಳಿಗೆಂದೇ ಇದೆ. ‘ಹೀಗೆ ಮಾಡಿದರೆ ಜಾಗ ವಾಪಸ್’ ಅನ್ನುವ ಮಾತು ಒಂದು ಪತ್ರದಲ್ಲಿ ದಾಖಲಾದರೆ, ಹಕ್ಕು ಇರುವವರು 21 ವರ್ಷದೊಳಗೆ ಬಂದು ‘ನಮ್ಮ ಹಕ್ಕು ಇನ್ನೂ ಇದೆ’ ಅಂತ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ರೆಕಾರ್ಡರ್ ಅನ್ನುವ ನೋಂದಣಿ ಕಚೇರಿಯಲ್ಲಿ ಮತ್ತೆ ದಾಖಲಿಸಬೇಕು. ಇಲ್ಲದಿದ್ದರೆ ಆಮೇಲೆ ಅದರ ಮೇಲೆ ದಾವೆ ನಿಲ್ಲುವುದಿಲ್ಲ. 1850ರ ದಶಕದ ಷರತ್ತಿಗೆ ಈಗ ಜೀವ ಇಲ್ಲ. ಅದೂ ಅಲ್ಲದೆ ಷರತ್ತು ಇದ್ದದ್ದು ಮಾರಾಟದ ಮೇಲೆ. ಮನೆಗೆ ಬಂದವರಿಗೆ ಅಳಿಯ ಒಂದು ಲೋಟ ವೈನ್ ಕೊಟ್ಟರೆ ಅದು ಮಾರಾಟ ಅಲ್ಲ.

ಒಂದನ್ನು ಮಾತ್ರ ನೋಡಿ. ಅದೇ ಷರತ್ತನ್ನು ಇತ್ತೀಚಿನ ಯಾವುದಾದರೂ ಪತ್ರದಲ್ಲಿ ಯಾರಾದರೂ ಹೊಸದಾಗಿ ಬರೆಸಿದ್ದಾರಾ? ಕಟ್ಟಿನ ಕೊನೆಯ ಹತ್ತಿಪ್ಪತ್ತು ಪುಟ ತಿರುವಿದರೆ ಗೊತ್ತಾಗುತ್ತದೆ. ಮನೆ ಕೊಳ್ಳುವಾಗ ವಕೀಲರು ಈ ಕಟ್ಟು ಓದಿ ‘ಟೈಟಲ್ ಒಪಿನಿಯನ್’ ಅಂತ, ಹಕ್ಕು ಸರಿಯಿದೆಯಾ ಅನ್ನುವ ಒಂದು ಅಭಿಪ್ರಾಯ ಬರೆದಿರುತ್ತಾರೆ. ಅದನ್ನು ಮಗಳ ಹತ್ತಿರ ಕೇಳಿ. ಅದರಲ್ಲಿ ಈ ಷರತ್ತಿನ ಬಗ್ಗೆ ಆಕ್ಷೇಪ ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೂಲ ಮಾರಾಟಗಾರರ ವಂಶಸ್ಥರನ್ನು ಹುಡುಕಿ ಹಕ್ಕುಬಿಡುಗಡೆ ಪತ್ರ ಬರೆಸಿಕೊಳ್ಳಲು ಓಡಾಡುತ್ತಾರೆ. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. ದುಡ್ಡು ದಂಡ. ಇಲ್ಲದ ಹಕ್ಕನ್ನು ಇದೆ ಅಂತ ನಾವೇ ಅವರಿಗೆ ನೆನಪಿಸಿದ ಹಾಗೂ ಆಗುತ್ತದೆ.

ಇಷ್ಟು ದಪ್ಪ ಕಟ್ಟು ಯಾಕೆ ಅಂತ ನಿಮಗೆ ಅನ್ನಿಸಿರಬೇಕು. ಅಮೆರಿಕದ ಬೇರೆ ರಾಜ್ಯಗಳಲ್ಲಿ ಮನೆ ಕೊಳ್ಳುವವರು ಟೈಟಲ್ ಇನ್ಶೂರೆನ್ಸ್, ಅಂದರೆ ಹಕ್ಕಿನಲ್ಲಿ ತಕರಾರು ಬಂದರೆ ನಷ್ಟ ಕಟ್ಟಿಕೊಡುವ ವಿಮೆ, ತೆಗೆದುಕೊಳ್ಳುತ್ತಾರೆ. ಅಯೋವಾ 1947ರಿಂದ ಅದನ್ನು ತನ್ನ ಗಡಿಯೊಳಗೆ ಮಾರಲು ಬಿಟ್ಟಿಲ್ಲ. ಅಲ್ಲಿ ಹಳೇ ಪದ್ಧತಿಯೇ ಉಳಿದಿದೆ. ಜಾಗದ ಪ್ರತಿ ಕ್ರಯ, ಅಡಮಾನ, ವಿಲ್ಲು, ತೆರಿಗೆ ಬಾಕಿಯ ಸಾರಾಂಶವನ್ನು ಒಂದರ ಹಿಂದೆ ಒಂದು ಹೊಲಿದು ಕಟ್ಟು ಮಾಡುತ್ತಾರೆ. ನಮ್ಮಲ್ಲಿ ಮೂಲಪತ್ರ, ಋಣಭಾರ ಪತ್ರ, ವಂಶವೃಕ್ಷ ಎಲ್ಲ ಬೇರೆ ಬೇರೆ ಕಚೇರಿಯಲ್ಲಿ ಹುಡುಕಬೇಕಲ್ವಾ, ಅವೆಲ್ಲ ಒಂದೇ ದಾರದಲ್ಲಿ ಪೋಣಿಸಿದರೆ ಹೇಗಿರುತ್ತದೋ ಹಾಗೆ. ಒಂದು ಊರು ಹೇಗೆ ಹುಟ್ಟಿತು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಪುಸ್ತಕ ನನಗೆ ಗೊತ್ತಿಲ್ಲ. ಯಾಕೆಂದರೆ ಆ ಕಡೆಯ ಊರುಗಳು ನಮ್ಮ ಊರುಗಳ ಹಾಗೆ ಬಾವಿ, ಗುಡಿ, ಸಂತೆ ಅಂತ ನಿಧಾನವಾಗಿ ಬೆಳೆದು ಬಂದವಲ್ಲ. ಮೊದಲು ಕಾಗದದ ಮೇಲೆ ಹುಟ್ಟಿದವು. ಮನೆ, ಮರ, ಮನುಷ್ಯ ಎಲ್ಲ ಆಮೇಲೆ.

ಈಗ ನಿಮ್ಮ ಮೊದಲ ಪುಟಕ್ಕೆ ಬರೋಣ.

ಯುನೈಟೆಡ್ ಸ್ಟೇಟ್ಸ್‌ಗೂ ಮೊದಲು ಅಲ್ಲಿ ಜನ ಇದ್ದರು. ಸಾಕ್ ಮತ್ತು ಮೆಸ್ಕ್ವಾಕಿ ಅನ್ನುವ ಎರಡು ಬುಡಕಟ್ಟು. 1832ರಲ್ಲಿ ಬ್ಲ್ಯಾಕ್ ಹಾಕ್ ಎಂಬ ಸಾಕ್ ನಾಯಕನ ಜನ ಅಮೆರಿಕದ ಸೈನ್ಯದ ಎದುರು ಸೋತರು. ಆ ವರ್ಷವೇ ಮಿಸಿಸಿಪಿ ನದಿಯ ಪಶ್ಚಿಮ ದಂಡೆಯಲ್ಲಿ ಸುಮಾರು 50 ಮೈಲಿ ಅಗಲದ ಪಟ್ಟಿಯನ್ನು ಬಿಟ್ಟುಕೊಡಬೇಕಾಯಿತು. ಆಮೇಲೆ 1842ರ ಅಕ್ಟೋಬರ್ 11ರಂದು ಇನ್ನೊಂದು ಒಪ್ಪಂದ. ಅಯೋವಾದಲ್ಲಿ ಅವರಿಗೆ ಉಳಿದಿದ್ದ ಅಷ್ಟೂ ನೆಲ ಹೋಯಿತು. ಸರ್ಕಾರ 8 ಲಕ್ಷ ಡಾಲರ್ ಅಂತ ಬರೆಯಿತು. ಆದರೆ ಅಸಲು ಕೈಗೆ ಕೊಡಲಿಲ್ಲ. ಅದರ ಮೇಲೆ ವರ್ಷಕ್ಕೆ ಶೇ. 5ರ ಬಡ್ಡಿ ಮಾತ್ರ. ಅದರ ಜೊತೆಗೆ ಬುಡಕಟ್ಟಿನವರು ವ್ಯಾಪಾರಿಗಳ ಹತ್ತಿರ ಮಾಡಿಕೊಂಡಿದ್ದರು ಎನ್ನಲಾದ ಎರಡೂವರೆ ಲಕ್ಷ ಡಾಲರಿಗೂ ಮೀರಿದ ಸಾಲ ಸರ್ಕಾರದಿಂದ ನೇರ ವ್ಯಾಪಾರಿಗಳ ಜೇಬಿಗೆ. ಆ ಒಪ್ಪಂದಕ್ಕೆ ಒತ್ತಿದ ಗುರುತುಗಳಲ್ಲಿ ಪೌವೆಶೀಕ್ ಎಂಬ ಮೆಸ್ಕ್ವಾಕಿ ನಾಯಕನದ್ದೂ ಒಂದು. ನಿಮ್ಮ ಮಗಳ ಕಟ್ಟಿನ ಪ್ರತಿ ಪುಟದ ತಲೆಯಲ್ಲಿ ‘ಪೌವೆಶೀಕ್ ಕೌಂಟಿ’ ಅಂತ ಇರುತ್ತದೆ, ನೋಡಿ. ನೆಲ ಬಿಟ್ಟು ಹೋದವನ ಹೆಸರನ್ನೇ ಆ ನೆಲಕ್ಕೆ ಇಟ್ಟರು.

1843ರ ಏಪ್ರಿಲ್ 30ರ ರಾತ್ರಿ ಗಡಿಯಲ್ಲಿ ಬಿಳಿಯರ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ನಡುರಾತ್ರಿ ಬಂದೂಕು ಹಾರಿಸಿ ಸಮಯ ಸಾರಿದರು. ಪಂಜು ಹಿಡಿದು ಒಳಗೆ ಓಡಿದರು, ಕತ್ತಲಲ್ಲೇ ಮರ ಕಡಿದು ಗುರುತು ಹಾಕಿಕೊಂಡರು. ನಿಮ್ಮ ಮಗಳ ಊರು ಇರುವ ಭಾಗ ತೆರೆದದ್ದು ಅವತ್ತು.

ಖಾಲಿ ನೆಲ ಅನ್ನುವ ಮಾತು ಸುಳ್ಳು ಅನ್ನುವುದಕ್ಕೆ ಇಷ್ಟು ಸಾಕು. ಆದರೆ ಆ ಜನ ಅಲ್ಲಿಂದ ಪೂರ್ತಿ ಹೋಗಿಬಿಟ್ಟರು ಅನ್ನುವುದೂ ತಪ್ಪು. ಮೆಸ್ಕ್ವಾಕಿಗಳಲ್ಲಿ ಕೆಲವರು ಸರ್ಕಾರ ಹೋಗಿ ಅಂದ ಕಾನ್ಸಾಸ್‌ಗೆ ಹೋಗಲೇ ಇಲ್ಲ, ಹೋದವರಲ್ಲೂ ಕೆಲವರು ವಾಪಸ್ ಬಂದರು. 1856ರಲ್ಲಿ ಅಯೋವಾ ಶಾಸನಸಭೆ ಅವರು ಅಲ್ಲಿರಬಹುದು ಅಂತ ಕಾನೂನು ಮಾಡಿತು. 1857ರಲ್ಲಿ ಅವರು ಟಾಮಾ ಕೌಂಟಿಯಲ್ಲಿ, ಅಂದರೆ ನಿಮ್ಮ ಮಗಳ ಕೌಂಟಿಯ ಪಕ್ಕದಲ್ಲೇ, 80 ಎಕರೆ ಜಮೀನನ್ನು 1,000 ಡಾಲರ್ ಕೊಟ್ಟು ಕೊಂಡರು. ಎಕರೆಗೆ ಹನ್ನೆರಡೂವರೆ ಡಾಲರ್ ಆಯಿತು. ಸರ್ಕಾರ ಅದೇ ನೆಲವನ್ನು ಬಿಳಿಯರಿಗೆ ಮಾರುತ್ತಿದ್ದದ್ದು ಒಂದೂಕಾಲು ಡಾಲರಿಗೆ. ತಮ್ಮದೇ ನೆಲವನ್ನು ಹತ್ತರಷ್ಟು ಬೆಲೆಗೆ ವಾಪಸ್ ಕೊಂಡರು! ಈ ಲೆಕ್ಕವನ್ನು ಮೊದಲ ಸಲ ಕಾಗದದ ಮೇಲೆ ಮಾಡಿದಾಗ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಅವರ ಹೆಸರಲ್ಲಿ ಪತ್ರ ಮಾಡಲು ಬರುತ್ತಿರಲಿಲ್ಲ, ಅದಕ್ಕೆ ರಾಜ್ಯದ ಗವರ್ನರ್ ಹೆಸರಲ್ಲಿ ಟ್ರಸ್ಟ್ ಆಗಿ ಬರೆಸಿದರು. ಸರ್ಕಾರ ಬಿಟ್ಟುಕೊಟ್ಟ ಮೀಸಲು ಜಾಗ ಅಲ್ಲ ಅದು, ಕ್ರಯಕ್ಕೆ ಕೊಂಡ ಜಾಗ. ಈಗ 8,000 ಎಕರೆಗೂ ಜಾಸ್ತಿ ಆಗಿದೆ. ಪ್ರತಿ ಆಗಸ್ಟ್‌ನಲ್ಲಿ ಅಲ್ಲಿ ಅವರ ಪೌವೌ ಅನ್ನುವ ಹಾಡು-ಕುಣಿತದ ಜಾತ್ರೆ ನಡೆಯುತ್ತದೆ, ಯಾರು ಬೇಕಾದರೂ ಹೋಗಬಹುದು. ಮುಂದಿನ ಸಲ ಹೋದಾಗ ಮಗಳ ಜೊತೆ ಹೋಗಿ ಬನ್ನಿ. ಕಾರಲ್ಲಿ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಕಾನೂನಿನ ಕಣ್ಣಲ್ಲಿ ಮಗಳ ಹಕ್ಕು ಗಟ್ಟಿಯಾಗಿದೆ, ಅದರಲ್ಲಿ ಅನುಮಾನ ಬೇಡ. ಮೊದಲ ಪುಟಕ್ಕೂ ಮೊದಲಿನ ಪುಟ ಕಟ್ಟಿನಲ್ಲಿ ಇಲ್ಲ. ನಿಮಗೆ ಅದು ಕಾಣಿಸಿತು, ಕೇಳಿದಿರಿ. ಮೊಮ್ಮಕ್ಕಳಿಗೂ ಹೇಳಿ.

ಇನ್ನು ಸರ್ವೆ. ಇದು ನಿಮಗೆ ಇಷ್ಟ ಆಗುತ್ತದೆ. ಪತ್ರದಲ್ಲಿ ‘ಟೌನ್‌ಶಿಪ್ 80 ಉತ್ತರ, ರೇಂಜ್ 16 ಪಶ್ಚಿಮ, ಐದನೇ ಪ್ರಧಾನ ಮೆರಿಡಿಯನ್’ ಅಂತ ಓದಿ ತಲೆ ಕೆಡಿಸಿಕೊಂಡಿರುತ್ತೀರಿ. ಅದು ಅಲ್ಲಿಯ ಸರ್ವೆ ನಂಬರ್. 1785ರ ಕಾನೂನಿನ ಪ್ರಕಾರ ಇಡೀ ನೆಲವನ್ನು 6 ಮೈಲಿ ಉದ್ದ, 6 ಮೈಲಿ ಅಗಲದ ಚೌಕಗಳಾಗಿ ಕತ್ತರಿಸಿದರು. ಒಂದು ಚೌಕಕ್ಕೆ ಟೌನ್‌ಶಿಪ್ ಅಂತ ಹೆಸರು. ಅದರೊಳಗೆ 36 ಸೆಕ್ಷನ್. ಒಂದು ಸೆಕ್ಷನ್ ಒಂದು ಚದರ ಮೈಲಿ, 640 ಎಕರೆ. ಅದರ ಕಾಲುಭಾಗ 160 ಎಕರೆ. ಹಳ್ಳ ಬರಲಿ, ದಿಣ್ಣೆ ಬರಲಿ, ಗೆರೆ ಮಾತ್ರ ನೇರ. ನೀವು ಅಲ್ಲಿ ಕಾರಲ್ಲಿ ಹೋಗುವಾಗ ಮೈಲಿಗೊಂದು ಅಡ್ಡರಸ್ತೆ ಬಂದಿರುತ್ತದೆ, ಗಮನಿಸಿದಿರಾ? ಸರ್ವೆಯವರು ಅವತ್ತು ನಡೆದ ಗೆರೆಯೇ ಇವತ್ತಿನ ರಸ್ತೆ.

ಅವರು ಬಳಸಿದ ಸರಪಳಿ ಯಾವುದು ಗೊತ್ತಾ? ಗಂಟರ್ ಎಂಬ ಇಂಗ್ಲಿಷ್ ಗಣಿತಜ್ಞನ 66 ಅಡಿಯ ಸರಪಳಿಯ ಅರ್ಧ. ಅಂದರೆ 33 ಅಡಿ. ನೀವು ಹೊಲದಲ್ಲಿ ಹಿಡಿಸಿದ ಸರಪಳಿಯೂ 33 ಅಡಿ, 16 ಆಣೆಯದ್ದು. ಅದರ ಚೌಕವೇ ನಮ್ಮ ಗುಂಟೆ. 40 ಗುಂಟೆಗೆ ಒಂದು ಎಕರೆ. ತಿಪಟೂರಿನ ತೆಂಗಿನ ತೋಟವನ್ನೂ ಅಯೋವಾದ ಹುಲ್ಲುಗಾವಲನ್ನೂ ಅಳೆದದ್ದು ಒಂದೇ ಉದ್ದದ ಕಬ್ಬಿಣ.

ನಮ್ಮಲ್ಲಿ ಮೂಲೆಗೆ ಬಾಂದುಕಲ್ಲು ನೆಡುತ್ತೇವೆ. ಅಲ್ಲಿ ಬಯಲಲ್ಲಿ ಕಲ್ಲೂ ಇಲ್ಲ, ಗುರುತು ಕೆತ್ತಲು ಮರವೂ ಇಲ್ಲ. ಅದಕ್ಕೆ ಸರ್ವೆಯವರು ಮೂಲೆಯಲ್ಲಿ ಗುಂಡಿ ತೆಗೆದು, ಒಂದಿಷ್ಟು ಇದ್ದಿಲು ಅಥವಾ ಸುಟ್ಟ ಗೂಟ ಹುಗಿದು, ಮೇಲೆ ಮಣ್ಣು ಗುಡ್ಡೆ ಹಾಕುತ್ತಿದ್ದರು. ಇದ್ದಿಲು ಕೊಳೆಯುವುದಿಲ್ಲ. ಮೇಲಿನ ಗುಡ್ಡೆ ಮಳೆಗೆ ಕರಗಿದರೂ, ಮೂವತ್ತು ವರ್ಷ ಬಿಟ್ಟು ಅಗೆದರೂ, ಕಪ್ಪು ಚುಕ್ಕೆ ಸಿಗುತ್ತಿತ್ತು. ಅವರ ಕ್ಷೇತ್ರ ಪುಸ್ತಕಗಳಲ್ಲಿ ಮೈಲಿಗೊಂದು ಸಣ್ಣ ಷರಾ ಇರುತ್ತದೆ: ನೆಲ ಏರಿಳಿತ, ಮಣ್ಣು ಮೊದಲ ದರ್ಜೆ, ಮರ ಇಲ್ಲ. ಪುಟಗಟ್ಟಲೆ ಅದೇ.

ಮೊದಲ ದರ್ಜೆ ಅನ್ನುವುದು ಸುಮ್ನೆ ಬರೆದದ್ದಲ್ಲ. ಆಳೆತ್ತರದ ಹುಲ್ಲು ಸಾವಿರಾರು ವರ್ಷ ಬೆಳೆದು, ಒಣಗಿ, ಬೇರು ಕೊಳೆತು ಆದ ಕಪ್ಪು ಮಣ್ಣು. ನೋಡಲು ನಮ್ಮ ಎರೆಮಣ್ಣಿನ ಹಾಗೆ, ಆದರೆ ಕಪ್ಪು ಬಂದದ್ದು ಕಲ್ಲಿನಿಂದ ಅಲ್ಲ, ಬೇರಿನಿಂದ. ಮೊದಲ ಸಲ ಅದನ್ನು ಉಳುವುದು ಬಹಳ ಕಷ್ಟ. ಬೇರು ಚಾಪೆಯ ಹಾಗೆ ಹೆಣೆದುಕೊಂಡಿರುತ್ತದೆ. ನಾಲ್ಕೈದು ಜೊತೆ ಎತ್ತು ಕಟ್ಟಿ ದೊಡ್ಡ ನೇಗಿಲಲ್ಲಿ ಸೀಳಬೇಕು. ಆ ಕೂಲಿಯೇ ಎಷ್ಟೋ ಕಡೆ ಜಮೀನಿನ ಬೆಲೆಗಿಂತ ಜಾಸ್ತಿ ಆಗುತ್ತಿತ್ತು.

ಹಾಗಾದರೆ ಪುಕ್ಕಟೆ ಜಮೀನು? ಪಕ್ಕದ ಮನೆಯ ಅಜ್ಜ ಸುಳ್ಳು ಹೇಳಿಲ್ಲ, ಬೇರೆ ಕಾಲದ ಕಥೆಯನ್ನು ಈ ಊರಿಗೆ ಅಂಟಿಸಿದ್ದಾರೆ. 160 ಎಕರೆ ಪುಕ್ಕಟೆ ಕೊಡುವ ಹೋಮ್‌ಸ್ಟೆಡ್ ಕಾನೂನು ಬಂದದ್ದು 1862ರಲ್ಲಿ, ಜಾರಿಯಾದದ್ದು 1863ರ ಜನವರಿ 1ರಿಂದ. ಅಷ್ಟರಲ್ಲಿ ಅಯೋವಾದ ಹೆಚ್ಚಿನ ನೆಲ ಮಾರಿಹೋಗಿತ್ತು. ಆ ಕಾನೂನಿನ ಕಥೆಗಳು ನಿಜವಾಗಿ ಸೇರುವುದು ಇನ್ನೂ ಪಶ್ಚಿಮದ ನೆಬ್ರಾಸ್ಕಾ, ಡಕೋಟಾ ಕಡೆಗೆ. ಗ್ರಿನ್ನೆಲ್ ಸುತ್ತ ಜನ ದುಡ್ಡು ಕೊಟ್ಟೇ ಕೊಂಡರು. ಎಕರೆಗೆ ಒಂದೂಕಾಲು ಡಾಲರ್ ಅಂದರೆ 160 ಎಕರೆಗೆ 200 ಡಾಲರ್. ಕೂಲಿಯವನಿಗೆ ಅದು ದೊಡ್ಡ ಮೊತ್ತವೇ.

ಕೊಳ್ಳಲು ಇನ್ನೊಂದು ದಾರಿ ಇತ್ತು. ಯುದ್ಧ ಮಾಡಿದ ಸೈನಿಕರಿಗೆ ಸರ್ಕಾರ ಸಂಬಳದ ಜೊತೆ ಜಮೀನಿನ ವಾರಂಟ್, ಅಂದರೆ ಇಷ್ಟು ಎಕರೆ ಸರ್ಕಾರಿ ಜಮೀನು ಪಡೆಯಬಹುದು ಅನ್ನುವ ಚೀಟಿ, ಕೊಡುತ್ತಿತ್ತು. ಸೈನಿಕ ಅಥವಾ ಅವನ ವಿಧವೆ ಅದನ್ನು ದಲ್ಲಾಳಿಗೆ ಮಾರುತ್ತಿದ್ದರು. ದಲ್ಲಾಳಿ ಅದನ್ನು ರೈತನಿಗೆ ವಿಪರೀತ ಬಡ್ಡಿಗೆ ಸಾಲವಾಗಿ ಕೊಡುತ್ತಿದ್ದ. ನಿಮ್ಮ ಮೊದಲ ಪುಟವನ್ನು ಇನ್ನೊಮ್ಮೆ ನೋಡಿ. ‘ವಾರಂಟ್’ ಅನ್ನುವ ಶಬ್ದ, ಒಂದು ನಂಬರ್ ಇದೆಯಾ? ಇದ್ದರೆ ಅಯೋವಾವನ್ನು ಕಣ್ಣಲ್ಲೂ ನೋಡದ ಯಾರೋ ಸೈನಿಕನ ಸೇವೆಯ ಬೆಲೆ ಆ ಜಾಗದಲ್ಲಿ ಅಡಗಿದೆ ಅಂತ ತಿಳಿಯಿರಿ. ಜಮೀನಿನ ಸರ್ಕಾರಿ ಪೇಟೆಂಟ್‌ಗಳನ್ನು, ಅಂದರೆ ಸರ್ಕಾರ ಮೊದಲ ಸಲ ಜಾಗ ಬರೆದುಕೊಟ್ಟ ಪತ್ರಗಳನ್ನು, ಕೇಂದ್ರದ ಭೂ ಇಲಾಖೆ ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದೆ. ಟೌನ್‌ಶಿಪ್, ರೇಂಜ್, ಸೆಕ್ಷನ್ ಹಾಕಿದರೆ ಮೂಲಪತ್ರದ ಚಿತ್ರವೇ ಸಿಗುತ್ತದೆ. ಒಂದು ಎಚ್ಚರಿಕೆ. ರೈತ ದುಡ್ಡು ಕಟ್ಟಿದ ದಿನ ಬೇರೆ, ವಾಷಿಂಗ್ಟನ್‌ನಿಂದ ಪೇಟೆಂಟ್ ಬಂದ ದಿನ ಬೇರೆ. ನಡುವೆ ವರ್ಷಗಳೇ ಹೋಗಿರಬಹುದು. ನಾನೂ ಶುರುವಿನಲ್ಲಿ ಪೇಟೆಂಟ್ ತಾರೀಕನ್ನೇ ಜನ ಬಂದ ವರ್ಷ ಅಂದುಕೊಂಡು ಒಂದು ಕುಟುಂಬದ ಇತಿಹಾಸವನ್ನೇ ತಪ್ಪು ಬರೆದಿದ್ದೆ, ಆಮೇಲೆ ತಿದ್ದಬೇಕಾಯಿತು.

ಈಗ ನಿಮ್ಮ ಒಳ್ಳೆಯ ಪ್ರಶ್ನೆ. ನೀರಿಲ್ಲದ ಜಾಗದಲ್ಲಿ ಊರು ಯಾಕೆ?

ರೈಲಿಗಾಗಿ. ಅದೂ ಇನ್ನೂ ಬಾರದ ರೈಲಿಗಾಗಿ.

ಊರಿಗೆ ಹೆಸರು ಬಂದದ್ದು ಯಾರಿಂದಲೋ ಆ ಜೊಸಾಯ ಗ್ರಿನ್ನೆಲ್ ವರ್ಮಾಂಟ್ ರಾಜ್ಯದಲ್ಲಿ 1821ರಲ್ಲಿ ಹುಟ್ಟಿದವರು, ಕಾಂಗ್ರಿಗೇಶನಲ್ ಪಂಥದ ಪಾದ್ರಿ. ಗುಲಾಮಗಿರಿ ತಪ್ಪು ಅಂತ ಬಾಯಿಬಿಟ್ಟು ಹೇಳಿದ್ದಕ್ಕೆ ವಾಷಿಂಗ್ಟನ್‌ನಲ್ಲಿ ಅವರಿಗೆ ಉಳಿಗಾಲ ಇರಲಿಲ್ಲ. ‘ಪಶ್ಚಿಮಕ್ಕೆ ಹೋಗು’ ಅಂತ ನ್ಯೂಯಾರ್ಕಿನ ಪತ್ರಿಕಾ ಸಂಪಾದಕ ಹೊರೇಸ್ ಗ್ರೀಲಿ ಹೇಳಿದ್ದು ತನಗೇ ಅಂತ ಅವರು ಕೊನೆಯವರೆಗೂ ಹೇಳುತ್ತಿದ್ದರು. ಊರಿನವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಬ್ಬರ ಮಾತು. ಹೆನ್ರಿ ಫಾರ್ನಂ ಅಂತ ರೈಲು ಗುತ್ತಿಗೆದಾರರು. ಮಿಸಿಸಿಪಿಯಿಂದ ಮಿಸೌರಿ ನದಿಯವರೆಗೆ ಹಳಿ ಎಲ್ಲಿ ಹೋಗಬಹುದು, ಉತ್ತರ-ದಕ್ಷಿಣದ ಇನ್ನೊಂದು ಹಳಿ ಅದನ್ನು ಎಲ್ಲಿ ದಾಟಬಹುದು ಅನ್ನುವ ಸುಳಿವು ಅವರಿಂದ ಸಿಕ್ಕಿತು. ಆ ಜಾಗ ಅಯೋವಾ ನದಿ ಮತ್ತು ಸ್ಕಂಕ್ ನದಿಗಳ ನಡುವಿನ ಎತ್ತರದ ನೆಲ. ರೈಲಿಗೆ ಎತ್ತರದ ದಿಣ್ಣೆ ಒಳ್ಳೆಯದು, ಸೇತುವೆ ಕಡಿಮೆ ಸಾಕು. ಹಾಗಾಗಿ ನಿಮ್ಮ ಕಣ್ಣಿಗೆ ಬೀಳದ ನದಿಯೇ ಆ ಊರಿಗೆ ಕಾರಣ: ನದಿ ಇಲ್ಲದ ಜಾಗ ಅಂತಲೇ ಆರಿಸಿದರು.

1854ರ ಮಾರ್ಚ್‌ನಲ್ಲಿ ಗ್ರಿನ್ನೆಲ್, ಹೋಮರ್ ಹ್ಯಾಮ್ಲಿನ್, ಹೆನ್ರಿ ಹ್ಯಾಮಿಲ್ಟನ್, ವೈದ್ಯ ಥಾಮಸ್ ಹೋಲಿಯೋಕ್ ಸೇರಿ ಜಾಗ ಗೊತ್ತು ಮಾಡಿದರು. ಗ್ರಿನ್ನೆಲ್ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರು. ಕುಡಿಯದ, ಶಾಲೆ ಬೇಕೆನ್ನುವ, ತಮ್ಮ ಪಂಥಕ್ಕೆ ಹತ್ತಿರದ ಜನ ಬನ್ನಿ ಅಂತ. ನಿಮ್ಮ ಕ್ರಯಪತ್ರದ ಮದ್ಯದ ಷರತ್ತು ಬಂದದ್ದು ಇಲ್ಲಿಂದ. ಅದು ಯಾರೋ ಒಬ್ಬ ಮಾರಾಟಗಾರನ ಹಠ ಅಲ್ಲ, ಊರಿನ ನಕ್ಷೆಯ ಭಾಗ. ಪೊಲೀಸ್ ಇಲ್ಲ, ಪುರಸಭೆ ಇಲ್ಲ, ಊರೇ ಇನ್ನೂ ಇಲ್ಲ. ಹಾಗಿರುವಾಗ ಕಾನೂನು ಬರೆಯಲು ಇದ್ದ ಒಂದೇ ಕಾಗದ ಅಂದರೆ ಕ್ರಯಪತ್ರ. ನಿವೇಶನ ಮಾರಿ ಬಂದ ಹಣ ವಿದ್ಯಾಸಂಸ್ಥೆಗೆ ಅಂತಲೂ ಯೋಜನೆ ಮಾಡಿದರು.

ಮೊದಲು ಕಟ್ಟಿದ್ದು ಒಂದು ಉದ್ದನೆಯ ಒರಟು ಹಲಗೆಯ ಕೊಟ್ಟಿಗೆಯಂಥ ಮನೆ. ಅದನ್ನು ‘ಲಾಂಗ್ ಹೋಮ್’ ಅಂತ ಕರೆಯುತ್ತಿದ್ದರು. ಬಂದ ಕುಟುಂಬಗಳೆಲ್ಲ ತಮ್ಮ ಮನೆ ಆಗುವವರೆಗೆ ಅದರಲ್ಲೇ. ಮರ ಬೇಕೆಂದರೆ ದೂರದ ಹಳ್ಳಗಳ ಪಕ್ಕದ ತೋಪಿಗೆ ಗಾಡಿ ಕಟ್ಟಬೇಕಿತ್ತು.

ರೈಲು 1856ರ ಮೊದಲ ದಿನಗಳಲ್ಲಿ ಅಯೋವಾ ಸಿಟಿಗೆ ಬಂತು. ಆ ಏಪ್ರಿಲ್‌ನಲ್ಲಿ ಮಿಸಿಸಿಪಿಗೆ ಸೇತುವೆಯೂ ಆಯಿತು. ಇನ್ನೇನು ಬಂದೇಬಿಡುತ್ತದೆ ಅನ್ನುವಾಗ 1857ರಲ್ಲಿ ದೇಶದ ಬ್ಯಾಂಕುಗಳು ಕುಸಿದವು. ಆಮೇಲೆ ಅಂತರ್ಯುದ್ಧ. ಗ್ರಿನ್ನೆಲ್‌ಗೆ ಹಳಿ ಮುಟ್ಟಿದ್ದು 1863ರಲ್ಲಿ. ಒಂಬತ್ತು ವರ್ಷ ಕಾದರು. ಈ ಒಂಬತ್ತು ವರ್ಷದಲ್ಲೇ ಅಂಥ ಎಷ್ಟೋ ಊರುಗಳು ಸತ್ತವು. ನಕ್ಷೆ ಇತ್ತು, ಹೆಸರಿತ್ತು, ಹಳಿ ಐದು ಮೈಲಿ ಪಕ್ಕಕ್ಕೆ ಹೋಯಿತು, ಜನ ಮನೆಗಳನ್ನೇ ದಿಮ್ಮಿಗಳ ಮೇಲೆ ಎಳೆದುಕೊಂಡು ಹಳಿಯ ಕಡೆಗೆ ಹೊರಟರು.

ಗ್ರಿನ್ನೆಲ್ ಉಳಿದದ್ದು ಹೇಗೆ? ನನ್ನ ಲೆಕ್ಕದಲ್ಲಿ ಕಾಲೇಜಿನಿಂದ. ಅಯೋವಾ ಕಾಲೇಜ್ ಅಂತ 1846ರಲ್ಲಿ ಡಾವೆನ್‌ಪೋರ್ಟ್ ಪಟ್ಟಣದಲ್ಲಿ ಶುರುವಾಗಿತ್ತು. ಆ ಪಟ್ಟಣ ಕಾಲೇಜಿನ ಅಂಗಳದ ಮಧ್ಯೆಯೇ ರಸ್ತೆ ಹಾಕಲು ಹೊರಟಿತು. ಮನಸ್ತಾಪವಾಗಿ ಕಾಲೇಜು 1858ರಲ್ಲಿ ಜಾಗ ಬದಲಿಸಿತು. ಪಾದ್ರಿ ಗ್ರಿನ್ನೆಲ್ ಜಾಗ, ಹಣ ಎರಡೂ ತೋರಿಸಿ ಅದನ್ನು ತಮ್ಮ ಬಯಲಿಗೆ ಕರೆದುಕೊಂಡರು. ರೈಲು ಬರುವ ಮೊದಲೇ ಊರಿಗೆ ಒಂದು ಕೆಲಸ ಸಿಕ್ಕಿತು. ಅದೇ ಈಗಿನ ಗ್ರಿನ್ನೆಲ್ ಕಾಲೇಜ್.

ಆ ಕಾಯುವ ಕಾಲದಲ್ಲೇ, 1859ರ ಫೆಬ್ರವರಿಯಲ್ಲಿ, ಗುಲಾಮಗಿರಿಯ ವಿರುದ್ಧ ಬಂದೂಕು ಹಿಡಿದ ಜಾನ್ ಬ್ರೌನ್ ಮಿಸೌರಿಯಲ್ಲಿ ಬಿಡಿಸಿಕೊಂಡ ಗುಲಾಮ ಕುಟುಂಬಗಳ ಜೊತೆ ಈ ಊರಿಗೆ ಬಂದಿಳಿದರು. ದಾರಿಯಲ್ಲೇ ಹುಟ್ಟಿದ ಒಂದು ಕೂಸೂ ಜೊತೆಯಲ್ಲಿತ್ತು. ಕಾನೂನಿನ ಪ್ರಕಾರ ಅವರಿಗೆ ಆಶ್ರಯ ಕೊಡುವುದು ಅಪರಾಧ. ಗ್ರಿನ್ನೆಲ್ ತಮ್ಮ ಮನೆಯಲ್ಲೇ ಇಳಿಸಿಕೊಂಡರು, ಜಾನ್ ಬ್ರೌನ್ ಊರವರ ಎದುರು ಮಾತಾಡಿದರು. ಎಂಟು ತಿಂಗಳ ನಂತರ ಹಾರ್ಪರ್ಸ್ ಫೆರಿಯ ಸರ್ಕಾರಿ ಶಸ್ತ್ರಾಗಾರದ ಮೇಲೆ ಅವರ ದಾಳಿ ನಡೆಯಿತು. ಹೀಗೆ ಆಶ್ರಯ ಕೊಟ್ಟ ಗ್ರಿನ್ನೆಲ್ ಊರಿನ ಜನವೇ, ಪಕ್ಕದ ಕೌಂಟಿಯಲ್ಲಿ ಮೆಸ್ಕ್ವಾಕಿಗಳು ತಮ್ಮ ನೆಲವನ್ನೇ ದುಡ್ಡು ಕೊಟ್ಟು ಕೊಳ್ಳುತ್ತಿದ್ದಾಗ ಇಲ್ಲಿ ನಿವೇಶನ ಮಾರುತ್ತಿದ್ದರು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಊರಿನ ಕಥೆ ಅರ್ಧ ಆಗುತ್ತದೆ.

ರೈಲು ಬಂದ ಮೇಲೆ ಬೆಳವಣಿಗೆ ಬೇಗ ಬೇಗ. 1865ರಲ್ಲಿ ಊರಿಗೆ ಪುರಸಭೆ. 1870ರ ದಶಕದ ಆರಂಭದಲ್ಲಿ ಉತ್ತರ-ದಕ್ಷಿಣದ ಹಳಿಯೂ ಬಂತು. ಫಾರ್ನಂ ಹೇಳಿದ್ದ ಕ್ರಾಸಿಂಗ್ ಕೊನೆಗೂ ನಿಜವಾಯಿತು. ಕೌಂಟಿಯ ಕೇಂದ್ರ ಮಾಂಟೆಜುಮಾ ಆ ಮುಖ್ಯ ಹಳಿಯಿಂದ ತಪ್ಪಿತು, ಇವತ್ತಿಗೂ ಗ್ರಿನ್ನೆಲ್‌ಗಿಂತ ಎಷ್ಟೋ ಚಿಕ್ಕದು. 1876ರಲ್ಲಿ ಸ್ಪಾಲ್ಡಿಂಗ್ ಎಂಬವರು ಗಾಡಿ ಕಾರ್ಖಾನೆ ಶುರುಮಾಡಿದರು. ಮುಂದೆ ಅಲ್ಲಿಯೇ ಮೋಟಾರು ಕಾರೂ ತಯಾರಾಯಿತು.

ಆಮೇಲೆ ಎರಡು ಪೆಟ್ಟು. 1882ರ ಜೂನ್ 17ರ ಸಂಜೆ ಸುಂಟರಗಾಳಿ ಬಂದು ಊರಲ್ಲಿ ಹತ್ತಿರ ಹತ್ತಿರ 40 ಜನ ಸತ್ತರು, ಕಾಲೇಜಿನ ಕಟ್ಟಡಗಳು ನೆಲಸಮ. 1889ರ ಜೂನ್‌ನಲ್ಲಿ ಬೆಂಕಿ ಬಿದ್ದು ಪೇಟೆಯ ಬಹುಪಾಲು ಹೋಯಿತು. ನೀವು ಪೇಟೆಯಲ್ಲಿ ನೋಡಿದ ಇಟ್ಟಿಗೆ ಕಟ್ಟಡಗಳು ಬಹುತೇಕ ಆ ಬೆಂಕಿಯ ನಂತರದವು. ಮೂಲೆಯಲ್ಲಿ ಒಡವೆ ಪೆಟ್ಟಿಗೆಯ ಹಾಗೆ ಒಂದು ಬ್ಯಾಂಕ್ ಕಟ್ಟಡ ಇದೆಯಲ್ಲ, ಬಾಗಿಲ ಮೇಲೆ ದುಂಡನೆ ಕಿಟಕಿ? ಅದು ಲೂಯಿ ಸಲಿವನ್ ಎಂಬ ದೊಡ್ಡ ವಾಸ್ತುಶಿಲ್ಪಿಯದ್ದು, 1914ರದ್ದು. ಮುಂದಿನ ಸಲ ಹೋದಾಗ ನಿಂತು ನೋಡಿ.

ಮಗಳ ಮನೆ ಯಾವ ವರ್ಷದ್ದು ಅಂತ ಕಟ್ಟಿನಲ್ಲಿ ನೇರವಾಗಿ ಸಿಗುವುದಿಲ್ಲ. ಅಬ್‌ಸ್ಟ್ರಾಕ್ಟ್ ನೆಲದ ಕಥೆ ಹೇಳುತ್ತದೆ, ಮನೆಯದ್ದಲ್ಲ. ಆದರೆ ಒಂದು ಉಪಾಯ ಇದೆ. ಎರಡು ಕ್ರಯಗಳ ನಡುವೆ ಬೆಲೆ ದಿಢೀರ್ ಅಂತ ನಾಲ್ಕೈದು ಪಟ್ಟು ಏರಿದ್ದರೆ, ಅಥವಾ ಒಂದು ದೊಡ್ಡ ಅಡಮಾನ ಕಾಣಿಸಿದರೆ, ಅಲ್ಲೇ ಮನೆ ಎದ್ದಿರುವ ಸಾಧ್ಯತೆ ಜಾಸ್ತಿ. ಆಮೇಲೆ ಊರಿನ ಡ್ರೇಕ್ ಲೈಬ್ರರಿಯಲ್ಲಿ ಕೇಳಿ, ಸ್ಥಳೀಯ ಇತಿಹಾಸದ ಸಂಗ್ರಹ ಚೆನ್ನಾಗಿದೆ. ಬೆಂಕಿ ವಿಮೆಯವರಿಗಾಗಿ ಮಾಡಿದ ಸ್ಯಾನ್‌ಬಾರ್ನ್ ನಕ್ಷೆಗಳಲ್ಲಿ ಒಂದೊಂದು ಮನೆಯ ಆಕಾರವೂ ಇರುತ್ತದೆ. ಗೋಡೆಯೊಳಗಿನ ಮರ ಬಹುಶಃ ವಿಸ್ಕಾನ್ಸಿನ್ ಅಥವಾ ಮಿನ್ನೆಸೋಟ ಕಾಡಿನ ಪೈನ್. ಮಿಸಿಸಿಪಿಯಲ್ಲಿ ತೇಲಿ ಬಂದು, ನದಿ ದಂಡೆಯ ಮಿಲ್ಲಿನಲ್ಲಿ ಹಲಗೆಯಾಗಿ, ರೈಲು ಹತ್ತಿ ಬಂದದ್ದು. ಆ ಕಾಲದ ಮನೆಗಳಲ್ಲಿ ಗೋಡೆಯ ಟೊಳ್ಳು ನೆಲಮಾಳಿಗೆಯಿಂದ ಅಟ್ಟದವರೆಗೆ ಒಂದೇ ಸಮ ಇರುತ್ತದೆ, ಬೆಂಕಿ ಬಿದ್ದರೆ ಚಿಮಣಿಯ ಹಾಗೆ ಎಳೆಯುತ್ತದೆ. ರಿಪೇರಿಗೆ ಗೋಡೆ ತೆರೆದಾಗ ಅಡ್ಡ ಮರ ಹೊಡೆಸಿ ಮುಚ್ಚಲು ಅಳಿಯನಿಗೆ ಹೇಳಿ. 1978ಕ್ಕಿಂತ ಹಳೇ ಬಣ್ಣದಲ್ಲಿ ಸೀಸ ಇರಬಹುದು, ಮಕ್ಕಳಿದ್ದರೆ ಒಣ ಉಜ್ಜುವ ಕೆಲಸ ಬೇಡ.

ಊರು ಉಳಿಯುತ್ತಾ ಅಂತ ಕೇಳಿದಿರಿ. ಸುತ್ತಲಿನ ಊರು ಖಾಲಿಯಾದದ್ದಕ್ಕೆ ಕಾರಣ ಸರಳ. ರೈತ ಗಾಡಿ ಕಟ್ಟಿ ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ದೂರಕ್ಕೆ ಒಂದೊಂದು ಊರು ಬೇಕಿತ್ತು. ಕಾರು ಬಂತು, ಆ ದೂರಕ್ಕೆ ಬೆಲೆ ಹೋಯಿತು. ಟ್ರ್ಯಾಕ್ಟರ್ ಬಂತು, ನಾಲ್ಕು ಕುಟುಂಬ ಮಾಡುತ್ತಿದ್ದ ಜಮೀನನ್ನು ಒಬ್ಬರೇ ಮಾಡುತ್ತಾರೆ. ಹಳಿ ಹಾಕಿದ ರಾಕ್ ಐಲೆಂಡ್ ರೈಲು ಕಂಪನಿಯೇ 1980ರಲ್ಲಿ ಮುಚ್ಚಿತು. ಆ ಹಳಿಯಲ್ಲಿ ಈಗ ಓಡುವುದು ಅಯೋವಾ ಇಂಟರ್‌ಸ್ಟೇಟ್ ಎಂಬ ಬೇರೆ ಕಂಪನಿಯ ಗೂಡ್ಸ್. ಆದರೆ ಗ್ರಿನ್ನೆಲ್ 1980ರಿಂದಲೂ 9 ಸಾವಿರದ ಆಸುಪಾಸಿನಲ್ಲೇ ನಿಂತಿದೆ. 2020ರ ಜನಗಣತಿಯಲ್ಲಿ 9,500 ದಾಟಿತ್ತು. ಕಾಲೇಜಿದೆ, ದಕ್ಷಿಣಕ್ಕೆ ಹೆದ್ದಾರಿ 80 ಇದೆ. ಇಂಟೆಲ್ ಕಟ್ಟಿದವರಲ್ಲಿ ಒಬ್ಬರಾದ ರಾಬರ್ಟ್ ನಾಯ್ಸ್ ಬೆಳೆದದ್ದು, 1949ರಲ್ಲಿ ಪದವಿ ಪಡೆದದ್ದು ಈ ಊರಲ್ಲೇ. ಬೆಂಗಳೂರಿನ ಇಂಟೆಲ್ ಆಫೀಸಿಗೆ ಹೋಗುವ ನಮ್ಮ ಎಷ್ಟು ಮಕ್ಕಳಿಗೆ ಇದು ಗೊತ್ತಿದೆಯೋ! ಊರು ನಾಳೆಗೆ ಮಾಯವಾಗುವುದಿಲ್ಲ. ಹಾಗಂತ ಮನೆ ಬೆಲೆ ದೊಡ್ಡ ಪಟ್ಟಣದ ಹಾಗೆ ಏರುತ್ತದೆ ಅಂತ ಲೆಕ್ಕ ಹಾಕಿದ್ದರೆ ಅದು ಬೇಡ. ಮಾರಲು ಹೊರಟಾಗ ಕೊಳ್ಳುವವರು ಕಡಿಮೆ, ತಿಂಗಳುಗಟ್ಟಲೆ ಕಾಯಬೇಕಾಗಬಹುದು. ವಾಸಕ್ಕೆ ಕೊಂಡಿದ್ದರೆ ಒಳ್ಳೆಯ ಊರು.

ಕೊನೆಗೆ ಒಂದು ಕೆಲಸ. ಆ ಕಟ್ಟು ಒಂದೇ ಪ್ರತಿ ಇರುತ್ತದೆ. ಕಳೆದರೆ ಹೊಸದಾಗಿ ಮಾಡಿಸಲು ದುಡ್ಡೂ ಜಾಸ್ತಿ, ವಾರಗಟ್ಟಲೆ ಸಮಯವೂ ಬೇಕು. ಮಗಳಿಗೆ ಫೋನ್ ಮಾಡಿ ಪ್ರತಿ ಪುಟದ ಫೋಟೊ ತೆಗೆಸಿಡಿ. ಮೂಲವನ್ನು ಬೆಂಕಿ ತಾಗದ ಪೆಟ್ಟಿಗೆಯಲ್ಲೋ, ಬ್ಯಾಂಕಿನಲ್ಲೋ ಇಡಿಸಿ. ಫೋಟೊ ಬಂದ ಮೇಲೆ ಮೊದಲ ಪುಟದಲ್ಲಿ ವಾರಂಟ್ ನಂಬರ್ ಇದೆಯಾ ನೋಡಿ ನನಗೂ ಬರೆಯಿರಿ. ಇದ್ದರೆ ಆ ಸೈನಿಕ ಯಾರು ಅಂತ ಇಬ್ಬರೂ ಸೇರಿ ಹುಡುಕೋಣ.